ಅರ್ಧ ಆಳಿನ ಮುಯ್ಯಿ

ನನ್ನ ನೌಕರಿ ಏನು ಎನ್ನುವುದು ಚಪಳಗಾಂವದ ನಮ್ಮ ಮನೆಯವರಿಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. “ಫುಟ್‌ಬಾಲ್ ಆಡೋ ಹುಡುಗರಿಗಿ ದಣಿವಾಗ್ಯಾದೋ ಇಲ್ಲೋ ಕೇಳ್ತಾಳ, ಅದಕ್ಕ ಪಗಾರ ಕೊಡ್ತಾರ” ಎಂದು ನಮ್ಮವ್ವ ನೆಂಟರಿಗೆ ಹೇಳುತ್ತಾಳೆ. ನೆಂಟರು ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಆದರೆ ಅವಳು ಹೇಳುವುದು ಸುಳ್ಳೂ ಅಲ್ಲ.

ಸೊಲ್ಲಾಪುರದಲ್ಲಿ ಟವೆಲ್ ನೇಯಿಸುವ ಮಾಲೀಕರೊಬ್ಬರು ಹಟ ಹಿಡಿದು ಫುಟ್‌ಬಾಲ್ ತಂಡ ಕಟ್ಟಿದರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ಹಿಂದೆ ಮೈದಾನ. ಆಟಗಾರರೆಲ್ಲ ಪಗಾರದವರು, ಆಟವೇ ಅವರ ಹೊಟ್ಟೆಪಾಡು. ಮಳೆಗಾಲ ಮುಗಿದ ಮೇಲೆ ಶುರುವಾಗುವ ಪಂದ್ಯಗಳು ಬಿಸಿಲು ಏರುವವರೆಗೂ ನಡೆಯುತ್ತವೆ. ಅಷ್ಟು ತಿಂಗಳು ಒಬ್ಬೊಬ್ಬ ಆಟಗಾರನ ಮೈಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ನೋಡಿಕೊಳ್ಳುವವಳು ನಾನು. ನಾನು ಅಕ್ಕಲಕೋಟದಲ್ಲಿ ಒಂದು ಕೋಣೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆಟಗಾರರು ಅಂಗಿಯೊಳಗೆ ಒಂದು ಬಿಗಿ ಬನಿಯನ್ ಹಾಕಿಕೊಳ್ಳುತ್ತಾರೆ. ಬೆನ್ನ ಮೇಲೆ ಬೆಂಕಿಪೆಟ್ಟಿಗೆಯಷ್ಟು ಒಂದು ಯಂತ್ರ. ಎಷ್ಟು ಓಡಿದ, ಎಷ್ಟು ಜೋರಾಗಿ ಓಡಿದ, ಎಷ್ಟು ಸಲ ಗಕ್ಕನೆ ನಿಂತ, ಎಲ್ಲವನ್ನೂ ಅದು ಹೇಳುತ್ತದೆ. ತಾಲೀಮು ಮುಗಿದ ಮೇಲೆ ನಾನು ಒಬ್ಬೊಬ್ಬರನ್ನೇ ಬದಿಗೆ ಕರೆದು ಇವತ್ತಿನ ಕೆಲಸ ಹತ್ತರಲ್ಲಿ ಎಷ್ಟು ಕಷ್ಟವಾಯಿತು ಎಂದು ಕೇಳುತ್ತೇನೆ. ಪಕ್ಕದಲ್ಲಿ ಗೆಳೆಯನಿದ್ದರೆ ಗಂಡಸರು ಖರೇ ಹೇಳುವುದಿಲ್ಲ, ಅದಕ್ಕೇ ಬದಿಗೆ ಕರೆಯುವುದು. ಈ ವಾರದ ಭಾರ ಹಿಂದಿನ ವಾರಗಳಿಗಿಂತ ಒಮ್ಮೆಲೇ ಏರಿದರೆ ಕೋಚ್‌ಗೆ ಹೇಳುತ್ತೇನೆ. ಕೋಚ್ ಕೇರಳದವರು. ಕೇಳಿ ಮುಖ ಗಂಟಿಕ್ಕುತ್ತಾರೆ, ಆಮೇಲೆ ಹೇಳಿದಂತೆ ಮಾಡುತ್ತಾರೆ.

ಎಡಗಡೆ ಆಡುವ ಒಬ್ಬ ಹುಡುಗನಿದ್ದ. ಭಂಡಾರಕವಠೆ ಕಡೆಯವನು, ಕುರುಬರ ದೇವರು ಬೀರೋಬಾನ ಒಕ್ಕಲು, ಕುರಿ ಸಾಕುವ ಮನೆ. ತಂಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹಾಗಾಗಿ ಉಳಿದವರಿಗೆ ಮ್ಯಾಡಮ್ ಆದ ನಾನು ಅವನಿಗೆ ಅಕ್ಕ. ಅವನ ಒಳತೊಡೆಯ ಸ್ನಾಯು ಆ ಹೊತ್ತಿಗಾಗಲೇ ಎರಡು ಸಲ ಹಿಡಿದುಕೊಂಡಿತ್ತು. ಮೂರನೇ ಸಲ ಹಿಡಿದರೆ ಮುಂದಿನ ವರ್ಷ ಅವನನ್ನು ಇಟ್ಟುಕೊಳ್ಳುವುದಿಲ್ಲ ಎಂದು ಕೋಚ್ ಅವನ ಎದುರಿಗೇ ಹೇಳಿದ್ದರು. ಅವನು ನೆಲ ನೋಡುತ್ತ ಹ್ಞೂಂ ಅಂದಿದ್ದ. ಅವನನ್ನು ಕಾಯುವುದು ಅವತ್ತಿನಿಂದ ನನ್ನ ತಲೆಗೆ ಬಂತು.

ಒಳತೊಡೆಯ ಬಲ ನೋಡುವುದಕ್ಕೆ ಒಂದು ಸಾದಾ ಉಪಾಯವಿದೆ. ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ನಡುವೆ ಬಿಪಿ ನೋಡುವ ಪಟ್ಟಿ ಇಟ್ಟು ಒತ್ತು ಅನ್ನುವುದು. ಮುಳ್ಳು ಎಷ್ಟು ಏರಿತು ನೋಡುವುದು. ಅವನು ಒತ್ತಿದರೆ ಮುಳ್ಳು ಎಲ್ಲರಿಗಿಂತ ಮೇಲೆ ಹೋಗುತ್ತಿತ್ತು. ಇಡೀ ತಂಡದಲ್ಲಿ ಅಷ್ಟು ಬಲದ ತೊಡೆ ಇನ್ನೊಬ್ಬನಿಗಿರಲಿಲ್ಲ. ಹಾಗಿದ್ದರೆ ಅದೇ ಯಾಕೆ ಮತ್ತೆ ಮತ್ತೆ ಕೈಕೊಡಬೇಕು?

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಶನಿವಾರ ಪಂದ್ಯ, ಸೋಮವಾರ ಸುಟ್ಟಿ, ಅಂದರೆ ರಜೆ. ಮಂಗಳವಾರ ಬೆಳಿಗ್ಗೆ ಎಲ್ಲರ ಮುಳ್ಳೂ ಮೇಲೆ ಬಂದಿರುತ್ತದೆ, ಯಾಕೆಂದರೆ ಮೈಯ ದಣಿವು ಆರಿರುತ್ತದೆ. ದೀಪಾವಳಿ ಮುಗಿದ ಮೇಲೆ ಇವನದು ಮಾತ್ರ ಪ್ರತಿ ಮಂಗಳವಾರ ಕೆಳಗೆ ಇಳಿಯತೊಡಗಿತು. ಪಂದ್ಯ ಆಡಿದ್ದಕ್ಕಿಂತ ಸುಟ್ಟಿ ಮಾಡಿದ್ದೇ ಅವನಿಗೆ ಭಾರವಾಗುತ್ತಿತ್ತು. ನನಗೆ ಕುತೂಹಲ ಒಂದು ಚಟ. ಮಂದಿ ಮನೆಯ ಗಡಿಗೆಯ ಮುಚ್ಚಳ ತೆಗೆದು ನೋಡುವ ಹುಡುಗಿ ಎಂದು ಸಣ್ಣವಳಿದ್ದಾಗಿನಿಂದ ಬೈಸಿಕೊಂಡಿದ್ದೇನೆ. ಇದನ್ನು ಬಿಡುತ್ತೇನೆಯೇ?

“ಸುಟ್ಟಿ ದಿನ ಏನ್ ಮಾಡ್ತಿ?” ಎಂದು ಕೇಳಿದೆ.

“ಏನಿಲ್ಲ ಅಕ್ಕಾ. ಊರಿಗಿ ಹೋಗಿ ಬರ್ತೀನಿ.”

“ಊರಾಗ ಏನ್ ಮಾಡ್ತಿ?”

“ಕುರಿ ಅದಾವಲ್ಲ.”

ಕುರಿ ನನಗೆ ಗೊತ್ತಿದ್ದವೇ. ಪ್ರತಿವರ್ಷ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ಕೂಡಿಸುತ್ತಿದ್ದರು. ಕುರಿಯ ಕೆಲಸ ಎಂದರೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂದೆ ಹಿಂದೆ ನಡೆಯುವುದು ಎಂದೇ ತಿಳಿದಿದ್ದೆ. “ಭಾಳ ನಡೀಬ್ಯಾಡ” ಎಂದು ತಾಕೀತು ಮಾಡಿದೆ. “ಖರೇನ ನಡಿಯೂದಿಲ್ಲ ಅಕ್ಕಾ” ಅಂದ. ಅವನು ಸುಳ್ಳು ಹೇಳುವ ಹುಡುಗನಲ್ಲ. ಆದರೂ ಮುಂದಿನ ಸೋಮವಾರ ಬನಿಯನ್ ಮತ್ತು ಯಂತ್ರ ಎರಡನ್ನೂ ಅವನ ಕೈಗೆ ಕೊಟ್ಟು, ಊರಲ್ಲಿ ಇದನ್ನು ಹಾಕಿಕೊಂಡೇ ಇರು ಎಂದೆ. ಮಂಗಳವಾರ ತಂದುಕೊಟ್ಟ. ಯಂತ್ರದ ಪ್ರಕಾರ ಅವನು ದಿನವಿಡೀ ಒಂದೇ ಜಾಗದಲ್ಲಿ ನಿಂತಿದ್ದ. ಒತ್ತಿಸಿ ನೋಡಿದರೆ ಮುಳ್ಳು ಹಿಂದೆಂದಿಗಿಂತ ಕೆಳಗೆ. ಬನಿಯನ್ ತೊಯ್ದು ಕುರಿ ವಾಸನೆ ಹೊಡೆಯುತ್ತಿತ್ತು. ಯಂತ್ರ ಕೆಟ್ಟಿರಬೇಕು ಅಂದರು ಕೋಚ್. ನನಗೆ ಹಾಗನ್ನಿಸಲಿಲ್ಲ. ಅದರ ಮುಂದಿನ ಸೋಮವಾರ ಅವನ ಜೊತೆ ನಾನೂ ಬಸ್ಸು ಹತ್ತಿದೆ.

ಊರ ಹೊರಗಿನ ಹಳ್ಳಕ್ಕೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದರು. ದಂಡೆಯ ಮೇಲೆ ಬೇರೆ ಯಾರದೋ ಮನೆಯ ಕುರಿ ಮಂದೆ. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು. ಗಂಡಸರು ಸೊಂಟದುದ್ದ ನೀರಿನಲ್ಲಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕುರಿ ತಳ್ಳುತ್ತಾರೆ. ಅದನ್ನು ಎರಡು ತೊಡೆಗಳ ನಡುವೆ ಅಮುಕಿ ಹಿಡಿದು, ಎರಡೂ ಕೈಯಿಂದ ಉಣ್ಣೆ ತಿಕ್ಕಬೇಕು. ಕುರಿ ಒದ್ದಾಡುತ್ತದೆ, ತೊಡೆ ಸಡಿಲ ಬಿಟ್ಟರೆ ಓಡಿಹೋಗುತ್ತದೆ. ತೊಳೆದಾದ ಮೇಲೆ ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ. ಇವನೂ ಚಡ್ಡಿಯ ಮೇಲೆ ಇಳಿದು ಸಾಲಿನಲ್ಲಿ ನಿಂತ. ದಂಡೆಯ ಮೇಲೆ ನಿಂತು ನಾನು ಒಬ್ಬಳೇ ನಕ್ಕೆ. ಪಟ್ಟಿ ಇಟ್ಟು ಒತ್ತು ಒತ್ತು ಎಂದು ನಾನು ಹೇಳುವುದನ್ನು ಅವನು ನೀರೊಳಗೆ ಕುರಿ ಇಟ್ಟುಕೊಂಡು ದಿನವಿಡೀ ಮಾಡುತ್ತಿದ್ದ. ಅವನ ತೊಡೆಯ ಬಲ ಎಲ್ಲಿಂದ ಬಂತು ಎನ್ನುವುದೂ, ನೋವು ಎಲ್ಲಿಂದ ಬಂತು ಎನ್ನುವುದೂ ಒಂದೇ ಕಡೆ ಸಿಕ್ಕವು. ಇಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಅವನ ಅವ್ವ ದಂಡೆಯ ಮೇಲೆ ಕುರಿ ತಳ್ಳಿಕೊಡುತ್ತಿದ್ದಳು. ಗಂಡ ತೀರಿಕೊಂಡಿದ್ದ, ಇವನೊಬ್ಬನೇ ಮಗ. “ಇಂವಗ ಇದನ್ನ ಬಿಡಸ್ರಿ ಕಾಕು, ತೊಡಿ ಹೋದ್ರ ನೌಕರಿ ಹೋಗ್ತದ” ಎಂದೆ.

“ಹ್ಯಾಂಗ ಬಿಡಸ್ಲಿ ಅಕ್ಕಾರ? ಇದು ಮುಯ್ಯಿ. ಇಂವ ಇವರ ಕುರಿ ತೊಳೀಲಿಲ್ಲಂದ್ರ ನಮ್ಮ ಕುರಿಗಿ ಯಾರ ಬರ್ತಾರ?”

ಏಳೆಂಟು ಮನೆಗಳ ನಡುವಿನ ಲೆಕ್ಕ ಅದು. ಇವತ್ತು ಇವರ ಮಂದೆಗೆ ಎಲ್ಲರೂ ಬರುತ್ತಾರೆ, ಮುಂದಿನ ವಾರ ಇನ್ನೊಬ್ಬರ ಮಂದೆಗೆ. ಒಂದು ಮನೆಯಿಂದ ಒಂದು ಆಳು. ಮಂದೆಗಳು ದೊಡ್ಡವು, ಹಾಗಾಗಿ ಹಂಗಾಮಿಗೆ ಎರಡು ಸುತ್ತು. ಕೂಲಿ ಕೊಟ್ಟು ಮಾಡಿಸುವ ಕೆಲಸವಲ್ಲ. ಇವನಿಗೆ ಸೋಮವಾರ ಸುಟ್ಟಿ ಎಂದು ಪಾಪ ಅವರೆಲ್ಲ ತಮ್ಮ ತಮ್ಮ ಪಾಳಿಯನ್ನು ಸೋಮವಾರಕ್ಕೇ ಇಟ್ಟುಕೊಂಡಿದ್ದರು.

ಪೂರ್ತಿ ಬಿಡಿಸುವುದು ನನಗೂ ಬೇಕಿರಲಿಲ್ಲ. ಬಲ ಕೊಟ್ಟ ಕೆಲಸವನ್ನು ಒಮ್ಮೆಲೇ ನಿಲ್ಲಿಸಿದರೆ ಸ್ನಾಯು ಸೊರಗುತ್ತದೆ, ಅದೂ ಅಪಾಯವೇ. ಅರ್ಧ ದಿನವಾದರೆ ತಡೆದೀತು ಎಂದು ನನ್ನ ಅಂದಾಜು. ಪಾಳಿ ಗೊತ್ತುಮಾಡುವವರು ಒಬ್ಬ ಮುದುಕರು, ಊರಿಗೆಲ್ಲ ಮುತ್ಯಾ. ಅವರ ಮುಂದೆ ಕೂತು, ಇವನನ್ನು ಮಧ್ಯಾಹ್ನಕ್ಕೆ ಬಿಟ್ಟುಬಿಡಿ ಎಂದು ಕೇಳಿದೆ.

“ಆಳಂದ್ರ ಮುಂಜಾನಿಂದ ಸಂಜಿತನಕ ಇರಬೇಕ ತಂಗಿ. ಅರ್ಧ ಆಳು ಅಂದ್ರ ಯಾವ ಅರ್ಧ ಕೊಡ್ತಿ, ಮ್ಯಾಲಿಂದೋ ಕೆಳಗಿಂದೋ?” ಅಂದರು. ಸುತ್ತ ಕೂತವರೆಲ್ಲ ಹೋ ಎಂದು ನಕ್ಕರು. ನಾನು ಸೋಲಲಿಲ್ಲ. ಯಂತ್ರ, ಮುಳ್ಳು, ಕೋಚ್, ಪಗಾರ, ಎಲ್ಲ ವಿವರಿಸಿ ಅವರ ತಲೆ ತಿಂದೆ. ಮುತ್ಯಾ ಕೊನೆಗೆ ತಂಬಾಕು ಉಗುಳಿ, “ಆತು. ಈ ಸುತ್ತು ಇವತ್ತಿಗಿ ಮುಗೀತು, ಮುಂದಿನ ಸುತ್ತಿಗಿ ಅರ್ಧ ಅಂದ್ರ ಅರ್ಧ” ಅಂದರು. ಇಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ನಾನು ಬಸ್ಸಿನಲ್ಲಿ ಒಬ್ಬಳೇ ಬೀಗಿದೆ. ಅವನ ಅವ್ವ ಮಾತ್ರ ಆಗ ತಮ್ಮ ಕುರಿ ಎಷ್ಟು ಎಂದು ಬೆರಳು ಮಡಚಿ ಎಣಿಸುತ್ತಿದ್ದಳು.

ಅಲ್ಲಿಂದ ಎಲ್ಲ ನೆಟ್ಟಗಾಯಿತು. ಸೋಮವಾರ ಅವನು ಮಧ್ಯಾಹ್ನದವರೆಗೆ ನೀರಿನಲ್ಲಿ ನಿಂತು, ರೊಟ್ಟಿ ಶೇಂಗಾ ಚಟ್ನಿ ಉಂಡು ಮಲಗುತ್ತಿದ್ದ. ಎಷ್ಟು ಕುರಿ, ಎಷ್ಟು ಕಷ್ಟ ಎಂದು ನಾನು ಮಂಗಳವಾರ ಕೇಳುತ್ತಿದ್ದೆ. ಕುರಿ ತೊಳೆಯುವುದನ್ನೂ ತಾಲೀಮಿನ ಭಾರದಲ್ಲಿ ಸೇರಿಸಿದೆ, ಮಂಗಳವಾರದ ಓಟ ಕಡಿಮೆ ಮಾಡಿದೆ. ಮುಳ್ಳು ಇಳಿಯುವುದು ನಿಂತಿತು. ಕೋಚ್ ನನ್ನನ್ನು ಕುರಿ ಮ್ಯಾಡಮ್ ಅನ್ನತೊಡಗಿದರು.

ಆ ಸುತ್ತಿನ ಕೊನೆಯ ಪಾಳಿ ಇವರ ಮನೆಯದು. ಉಣ್ಣೆ ಕತ್ತರಿಸುವವರು ಶನಿವಾರ ಬರುವವರಿದ್ದರು. ತೊಳೆದ ಉಣ್ಣೆ ಒಣಗುವುದಕ್ಕೆ ನಡುವೆ ಒಂದು ದಿನ ಬೇಕು, ಹಾಗಾಗಿ ಗುರುವಾರವೇ ತೊಳೆಯಬೇಕಾಯಿತು. ಅದೇ ಶನಿವಾರ ಸೊಲ್ಲಾಪುರದಲ್ಲಿ ನಮ್ಮ ಕೊನೆಯ ಪಂದ್ಯ. ಅದನ್ನು ಪೂರ್ತಿ ಆಡಿದರೆ ಮುಂದಿನ ವರ್ಷದ ಕರಾರು ಎಂದು ಕೋಚ್ ಅವನಿಗೆ ಹೇಳಿದ್ದರು. ಕತ್ತರಿಸುವುದನ್ನು ಅಕ್ಕಪಕ್ಕದವರಿಗೆ ವಹಿಸಿ ಪಂದ್ಯ ನೋಡಲು ಬರುತ್ತೇನೆ ಎಂದು ಅವನ ಅವ್ವನೂ ಒಪ್ಪಿದ್ದಳು. ಅವಳು ಮಗನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಮನೆಗೆ ಬಂದ ಆಳುಗಳಿಗೆ ಮನೆಯ ಮಗ ಚಹಾ ಕೊಡದಿದ್ದರೆ ಹೇಗೆ ಎಂದು ಅವನು ಗುರುವಾರಕ್ಕೆ ರಜೆ ಕೇಳಿದ. ನೀರಿಗೆ ಇಳಿಯಕೂಡದು, ನಾನು ಕಾವಲಿಗೆ ಹೋಗಬೇಕು ಎಂಬ ಕರಾರಿನ ಮೇಲೆ ಕೋಚ್ ಬಿಟ್ಟರು.

ಹಿಂದಿನ ಪಾಳಿಯಲ್ಲಿ ಇದ್ದ ಅಷ್ಟೂ ಮನೆಯವರು ಬಂದರು. ನಗುನಗುತ್ತ ಚಹಾ ಕುಡಿದು ನೀರಿಗೆ ಇಳಿದರು. ಕೆಲಸ ಚುರುಕಾಗಿ ನಡೆಯಿತು. ಸೂರ್ಯ ನೆತ್ತಿಗೆ ಬಂದ. ಒಬ್ಬರಾದ ಮೇಲೆ ಒಬ್ಬರು ದಂಡೆ ಹತ್ತಿ, ಧೋತರ ಹಿಂಡಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡರು. ಊಟಕ್ಕೆ ಎದ್ದರು ಎಂದುಕೊಂಡೆ. ಅವರು ಊರ ದಾರಿ ಹಿಡಿದರು.

“ಮುತ್ಯಾ, ಇನ್ನ ಅರ್ಧ ಕುರಿ ಉಳದಾವ!” ಎಂದು ಹಿಂದೆ ಓಡಿದೆ.

ಮುತ್ಯಾನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕುಹಕವೂ ಇರಲಿಲ್ಲ. “ಇಂವ ನಮಗ ಅರ್ಧ ಆಳು ಕೊಟ್ಟಾನ ತಂಗಿ, ನಾವೂ ಅರ್ಧ ಕೊಟ್ಟೀವಿ. ಬರೋಬರ್ ಆತಲ್ಲ. ಇಡೀ ದಿನ ನಿಂತ್ರ ಇಂವನ ಮ್ಯಾಲ ನಮ್ಮ ಭಾರ ಉಳೀತದ. ಅದು ಚಲೋ ಅಲ್ಲ” ಎಂದು ಹೇಳಿ ನಡೆದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಇಂದಿಗೂ ಆಗಿಲ್ಲ.

ತಿರುಗಿ ನೋಡಿದರೆ ಅವನು ಪ್ಯಾಂಟು ಮಡಚುತ್ತಿದ್ದ. “ಇಳೀಬ್ಯಾಡ!” ಎಂದು ಕೂಗಿದೆ. ಆದರೆ ಅವನನ್ನು ತಡೆದದ್ದು ನಾನಲ್ಲ. ಅವ್ವ ಆಗಲೇ ಸೀರೆ ಕಚ್ಚೆ ಹಾಕಿ ನೀರಿನಲ್ಲಿ ನಿಂತಿದ್ದಳು.

“ಇಳದಿ ಅಂದ್ರ ನನ್ನ ಆಣಿ. ಕುರಿ ತಳ್ಳು” ಅಂದಳು.

ನಾನೂ ಚಪ್ಪಲಿ ಬಿಟ್ಟು ಇಳಿದೆ. ಇಳಿಯದೆ ಇನ್ನೇನು ಮಾಡಲಿ? ಮೊದಲ ಕುರಿ ನನ್ನನ್ನು ಬೀಳಿಸಿತು, ಎರಡನೆಯದು ತಪ್ಪಿಸಿಕೊಂಡಿತು. ನಾನು ಒಂದು ತೊಳೆಯುವುದರಲ್ಲಿ ಅವಳು ನಾಲ್ಕು ತೊಳೆಯುತ್ತಿದ್ದಳು. ಅವನು ದಂಡೆಯಿಂದ ಒಂದೊಂದೇ ಕುರಿಯನ್ನು ತಳ್ಳಿಕೊಟ್ಟ. ಅವನ ಕಣ್ಣು ತುಂಬಿದ್ದವು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಯಿತು, ಮುಗಿಸಿದವಳು ಅವಳೇ.

ಶುಕ್ರವಾರ ಅವನ ಮುಳ್ಳು ಇಡೀ ಹಂಗಾಮಿನಲ್ಲೇ ಎಲ್ಲಕ್ಕಿಂತ ಮೇಲೆ ಹೋಯಿತು. ನಾನು ಮಾತ್ರ ಗೋಡೆ ಹಿಡಿದು ನಡೆಯುತ್ತಿದ್ದೆ. ಶನಿವಾರ ಅವನು ಕೊನೆಯ ಸೀಟಿಯವರೆಗೂ ಆಡಿದ. ಅಷ್ಟು ಹಗುರಾಗಿ ಅವನು ಓಡಿದ್ದನ್ನು ನಾನು ನೋಡಿರಲೇ ಇಲ್ಲ. ಎಲ್ಲರೂ ಅವನ ಬೆನ್ನು ತಟ್ಟುತ್ತಿರುವಾಗ ಅವನು ಬೇಲಿಯ ಕಡೆಗೆ ನೋಡುತ್ತಿದ್ದ.

“ಅವ್ವ ಎಲ್ಲಿ ಅಕ್ಕಾ?”

ಮುಂಜಾನೆಯೇ ಫೋನ್ ಬಂದಿತ್ತು. ಆಟ ಮುಗಿಯುವವರೆಗೂ ಅವನಿಗೆ ಹೇಳಬೇಡಿ ಎಂದು ಅವಳೇ ಹೇಳಿದ್ದಳು. “ಕಾಲು ಏಳವಲ್ಲವಂತ. ಬಸ್ಸು ಹತ್ತಾಕ ಆಗಿಲ್ಲ” ಎಂದೆ.

ಅವನು ಬೂಟು ಬಿಚ್ಚಿದ, ಚಪ್ಪಲಿ ಮೆಟ್ಟಿದ, ಬೆವರಿದ ಅಂಗಿಯಲ್ಲೇ ಗೇಟು ದಾಟಿದ.

ಮರುದಿನ ಕರಾರಿಗೆ ಸಹಿ ಹಾಕಲು ಕಚೇರಿಯಲ್ಲಿ ಎಲ್ಲರೂ ಕಾಯುತ್ತಿದ್ದರು, ಅವನ ಪತ್ತೆಯಿಲ್ಲ. ಕೋಚ್ ಗಡಿಯಾರ ನೋಡುತ್ತ ಒಳಗೆ ಹೊರಗೆ ತಿರುಗುತ್ತಿದ್ದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅವನ ಅವ್ವ ಸಿಟ್ಟಿನಲ್ಲಿದ್ದಳು.

“ಅಕ್ಕಾರ, ಇಂವಗ ಸ್ವಲ್ಪ ಬುದ್ಧಿ ಹೇಳ್ರಿ. ಸಹಿ ಮಾಡೂದು ಬಿಟ್ಟು ಮುಂಜಾನಿಂದ ನನ್ನ ಕಾಲ ಒತ್ತಕೋತ ಕುಂತಾನ. ಎದ್ದೇಳು ಅಂದ್ರ ಕೇಳವಲ್ಲ. ನೀವು ಬ್ಯಾಡಂದ್ರ ಬಿಡ್ತಾನ.”

ಹಿಂದಿನಿಂದ ಅವನು ಮೂಗು ಎಳೆದುಕೊಳ್ಳುವುದು ಕೇಳಿಸಿತು. ಅವಳಿಗೆ ಏನು ಹೇಳಬೇಕು ಎನ್ನುವುದಕ್ಕೆ ನಾನು ಯೋಚಿಸಬೇಕಾಗಲಿಲ್ಲ.

“ಒತ್ತಲಿ ಬಿಡ್ರಿ ಕಾಕು. ಇಲ್ಲಿ ಎಲ್ಲಾರೂ ಸಂಜಿತನಕ ಕಾಯ್ತಾರ” ಎಂದು ಹೇಳಿ, ಕೋಚ್‌ಗೆ ಕೂರಲು ಕುರ್ಚಿ ಕೊಟ್ಟೆ.