ಜಗಳೂರಿನ ಸಂಬಂಧ

ಜಗಳೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಾಗ ನನಗೆ ಮೂವತ್ತು ಹತ್ತಿರವಾಗಿತ್ತು. ಎಂಬತ್ತರ ದಶಕದ ನಡುವಿನ ವರ್ಷಗಳು. ನಮ್ಮ ನ್ಯಾಮತಿಯಲ್ಲಿ ನನ್ನ ಓರಗೆಯವರ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದರು. ಅಪ್ಪನದು ಪೇಟೆಯಲ್ಲಿ ಟೈಲರಿಂಗ್ ಅಂಗಡಿ. ನಾನು ಹೊನ್ನಾಳಿ ದಾಟಿ ಇನ್ನೂ ಒಂದು ಗಂಟೆ ಬಸ್ಸಿನಲ್ಲಿ ಹೋಗಬೇಕಾದ ಊರಿನ ದೊಡ್ಡ ಕಂಪನಿಯೊಂದರಲ್ಲಿ ಹಿರಿಯ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಬಳಗದ ಯಾವ ಗಂಡಸಿಗೂ ನನ್ನಷ್ಟು ಸಂಬಳ ಇರಲಿಲ್ಲ. ಅಪ್ಪ ಅದನ್ನು ಹೊರಗೆ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಆಫೀಸಿನಾಗೆ ಟೈಪಿಂಗ್ ಮಾಡ್ತಾಳೆ" ಅಂದುಬಿಡುತ್ತಿದ್ದರು. ಹೆಚ್ಚು ಹೇಳಿದರೆ ಗಂಡು ಸಿಗುವುದಿಲ್ಲವೆಂಬ ಭಯ ಅವರಿಗೆ.

ಹುಡುಗ ಜಗಳೂರಿನ ಜೂನಿಯರ್ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಮಂಡಕ್ಕಿ, ಮಿರ್ಚಿ ತಿಂದಾದ ಮೇಲೆ ಹಿತ್ತಿಲಿನಲ್ಲಿ ಮಾತಾಡಿಕೊಳ್ಳಿ ಎಂದು ನಮ್ಮಿಬ್ಬರನ್ನೇ ಬಿಟ್ಟರು.

"ಟೈಪಿಂಗ್ ಅಂದ್ರಲ್ಲ ನಿಮ್ಮಪ್ಪ, ಅದಕ್ಕೆ ಎಂಜಿನಿಯರಿಂಗ್ ಯಾಕೆ ಓದಿದ್ರಿ?" ಎಂದರು.

"ಟೈಪಿಂಗ್ ಅಲ್ಲ. ಕಂಪ್ಯೂಟರಿಗೆ ಏನು ಮಾಡಬೇಕು ಅಂತ ಬರೆದು ಹೇಳೋದು. ಅದಕ್ಕೆ ತಾನಾಗಿ ಏನೂ ತಿಳಿಯೋದಿಲ್ಲ. ಒಂದೊಂದೇ ಹೆಜ್ಜೆ ಹೇಳಬೇಕು."

"ನಮ್ಮ ಹುಡುಗ್ರೂ ಹಂಗೇ ಬಿಡ್ರಿ. ಆದ್ರೆ ಹೇಳಿದ್ದನ್ನೂ ಮಾಡಂಗಿಲ್ಲ," ಎಂದು ನಕ್ಕರು. ಅಲ್ಲಿಯವರೆಗೆ ನನ್ನ ಕೆಲಸ ಏನೆಂದು ಮನೆಗೆ ಬಂದ ಯಾರೂ ಕೇಳಿರಲಿಲ್ಲ. ಅವರು ನನಗೆ ಹಿಡಿಸಿದರು.

ಒಳಗೆ ಅವರ ತಾಯಿ ನನ್ನನ್ನೇ ನೇರವಾಗಿ ಸಂಬಳ ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಅಪ್ಪ ತಲೆ ತಗ್ಗಿಸಿದರು. ಆಮೇಲೆ ಆ ತಾಯಿ ಮೆತ್ತಗೆ, "ಜಗಳೂರಿನಾಗೆ ಅಂಥಾ ಮಿಷನ್ನು ಎಲ್ಲೈತಮ್ಮ? ಕೆಲಸ ಬಿಡಬೇಕಾಗತೈತೆ," ಎಂದರು. ಅಪ್ಪ ಒಪ್ಪಿಕೊಂಡರು. ನಾನೂ ಹೂಂ ಅಂದೆ. ನನ್ನ ತಂಗಿಯ ಮದುವೆ ನನ್ನಿಂದಾಗಿ ನಿಂತಿತ್ತು. ಆ ಮನುಷ್ಯನ ಜೊತೆ ಬದುಕಬಹುದು ಅಂತಲೂ ಅನ್ನಿಸಿತ್ತು. ಮುಂದಿನ ತಿಂಗಳೇ ನಿಶ್ಚಿತಾರ್ಥವಾಯಿತು.

ನಾನು ರಾಜೀನಾಮೆ ಕೊಡುವ ವಾರ ಮೇಷ್ಟ್ರು ಕಂಪನಿ ನೋಡಲು ಬಂದರು. ಕಂಪ್ಯೂಟರ್ ಕೋಣೆಗೆ ಧೂಳು ಹೋಗಬಾರದೆಂದು ಚಪ್ಪಲಿ ಹೊರಗೇ ಬಿಡಬೇಕಿತ್ತು. ಎ.ಸಿ.ಯ ಚಳಿಗೆ ಅವರು ಕೈಕಟ್ಟಿಕೊಂಡು ಬರಿಗಾಲಲ್ಲಿ ನಿಂತರು. ಅದೇ ಬೆಳಿಗ್ಗೆ ಕಾರ್ಮಿಕರ ಸಂಬಳದ ಪ್ರೋಗ್ರಾಮ್ ಅರ್ಧಕ್ಕೇ ನಿಂತುಹೋಗಿತ್ತು. ನನಗಿಂತ ಹಿರಿಯರಾದ ಅಧಿಕಾರಿಗಳು ನನ್ನ ಕುರ್ಚಿಯ ಸುತ್ತ ನಿಂತು, "ಈಗೇನು ಮಾಡೋಣ ಮೇಡಂ?" ಎಂದು ಕೇಳುತ್ತಿದ್ದರು. ತಪ್ಪು ಹುಡುಕುವ ಭರದಲ್ಲಿ ಮೇಷ್ಟ್ರು ಬಂದಿರುವುದೇ ನನಗೆ ಮರೆತುಹೋಯಿತು. ಪ್ರಿಂಟರ್ ಮತ್ತೆ ಶಬ್ದ ಮಾಡತೊಡಗಿದಾಗ ತಿರುಗಿ ನೋಡಿದೆ. ಅವರು ಯಂತ್ರವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಸಂಜೆ ಇಬ್ಬರೂ ಹೊನ್ನಾಳಿವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ನನ್ನನ್ನು ನ್ಯಾಮತಿ ಬಸ್ಸು ಹತ್ತಿಸಿ ಅವರು ಹಿಂದಿರುಗಬೇಕಿತ್ತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿಯುವಾಗ ಹೇಳಿದರು.

"ನಿಮ್ಮನ್ನ ಅಲ್ಲಿಂದ ಬಿಡಿಸಿ ಕರ್ಕೊಂಡು ಹೋಗಾಕೆ ನನಗೆ ಆಗಂಗಿಲ್ಲ ರೀ."

"ನಾನಾಗೇ ಬಿಡ್ತಿದೀನಲ್ಲ."

"ಈಗ ಬಿಡ್ತೀರಿ. ಆಮೇಲೆ ಜಗಳೂರಿನಾಗೆ ಮನೆ ಬಾಗಿಲಾಗೆ ಕೂತು ಏನು ಮಾಡ್ತೀರಿ? ದಿನಾ ನಿಮ್ಮ ಮುಖ ನಾನು ಹೆಂಗೆ ನೋಡ್ಲಿ?"

"ಹಂಗಾದ್ರೆ ನೀವೇ ಇಲ್ಲಿಗೆ ವರ್ಗ ಮಾಡಿಸ್ಕೊಳ್ರಿ."

ಅವರು ಗ್ಲಾಸಿನೊಳಗೇ ನೋಡುತ್ತಾ ಕೂತರು. "ಮಾಡಿಸ್ಕೋಬಹುದು. ಆದ್ರೆ ಹೆಂಡ್ತಿ ಸಂಬಳದಾಗೆ ಅದಾನೆ ಅಂತ ಜನ ಅಂತಾರೆ. ಅದನ್ನ ತಡ್ಕೊಳ್ಳೋ ಅಷ್ಟು ಗಟ್ಟಿ ಅಲ್ಲ ನಾನು. ಸುಳ್ಳು ಹೇಳಂಗಿಲ್ಲ."

ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. ಬರಲಿಲ್ಲ. ಬಸ್ಸು ಬಂತು, ಹತ್ತಿದೆ. ಕಿಟಕಿಯಾಚೆ ಅವರು ಎರಡೂ ಖಾಲಿ ಗ್ಲಾಸು ಹಿಡಿದುಕೊಂಡು ನಿಂತಿದ್ದರು.

ನಾನು ರಾಜೀನಾಮೆ ಕೊಡಲಿಲ್ಲ. ನಿಶ್ಚಿತಾರ್ಥ ಮುರಿದದ್ದಕ್ಕೆ ಅಪ್ಪ ನನ್ನನ್ನು ಬೈಯಲಿಲ್ಲ. ಎರಡು ದಿನ ಅಂಗಡಿ ತೆರೆಯಲಿಲ್ಲ ಅಷ್ಟೇ. ಆಮೇಲೆ ಒಮ್ಮೆ ಊಟಕ್ಕೆ ಕೂತಾಗ, "ಇನ್ನು ತಂಗೀದು ನೋಡೋಣ ಕಣವ್ವ," ಎಂದರು. ನಾನು, "ನೋಡ್ರಿ," ಅಂದೆ. ನನ್ನ ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಯಾವ ಗಂಡಿನ ವಿಷಯವೂ ಮನೆಯಲ್ಲಿ ಬರಲಿಲ್ಲ.

ತಂಗಿಯ ಮದುವೆ ಚನ್ನಗಿರಿಯಲ್ಲಿ, ಗಂಡಿನ ಮನೆಯವರ ಕಡೆಯೇ ನಡೆಯಿತು. ಧಾರೆಯ ಹೊತ್ತಿಗೆ ಸೋದರತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದು, "ಮದುವೆ ಆಗದಾಕಿ ಮುಂದೆ ನಿಂತ್ರೆ ಜನ ಕೇಳ್ತಾರೆ, ಒಳಗಿರವ್ವ," ಎಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ನಾನು ಅಡುಗೆಯವರಿದ್ದ ಕಡೆ ಹೋಗಿ ಎಲೆ ಒರೆಸುತ್ತಾ ಕೂತೆ. ವಾಲಗ ಜೋರಾದಾಗ ತಂಗಿಯ ಕೊರಳಿಗೆ ತಾಳಿ ಬಿತ್ತೆಂದು ತಿಳಿಯಿತು. ಅಪ್ಪ ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಅಂಗೈಯಲ್ಲಿ ಉಳಿದಿದ್ದ ನಾಲ್ಕು ಅಕ್ಷತೆ ಕಾಳನ್ನು ನನ್ನ ತಲೆಯ ಮೇಲೆ ಹಾಕಿ ಹೊರಟುಹೋದರು.