ಎಕ್ಸ್‌ರೇ ಟೇಬಲ್ಲಿನ ಮೇಲೆ ಮಾಯಾ ಹೆಂಗಸು

ದೆವ್ವ, ಗಾಳಿ ಎಂದವರ ಎದುರಿಗೇ ನಗುತ್ತಿದ್ದವಳು ನಾನು. ದಿನ ಬೆಳಗಾದರೆ ಎಲುಬು ನೋಡುವವಳಿಗೆ ಎಲುಬಿನ ಭಯವೆಲ್ಲಿಯದು? ಈಗಲೂ ಯಾರನ್ನೂ ನಂಬಿಸಲು ಬರೆಯುತ್ತಿಲ್ಲ. ನಂಬದಿದ್ದರೆ ಬೇಡ, ಸುಳ್ಳುಗಾರ್ತಿ ಎಂದು ಮಾತ್ರ ಹೇಳಬೇಡಿ.

ಹತ್ತು ವರ್ಷದ ಹಿಂದಿನ ಮಾತು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯಾದ್ದರಿಂದ ನಮ್ಮ ವಿಭಾಗ ಖಾಲಿಯಿತ್ತು. ಮ್ಯೂಸಿಯಮ್ಮಿನವರು ಪ್ರದರ್ಶನಕ್ಕೆಂದು ತರಿಸಿದ್ದ, ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನಾಂಗದ ಹೆಂಗಸೊಬ್ಬಳ ಎಲುಬುಗಳನ್ನು ಎಕ್ಸ್‌ರೇ ತೆಗೆಸಲು ಪೆಟ್ಟಿಗೆಯಲ್ಲಿ ತಂದರು. ಜೊತೆಗೆ ಬಂದ ತಜ್ಞೆ ಒಂದೊಂದನ್ನೇ ತೋರಿಸಿ ವಿವರಿಸಿದರು. ಕಾಲ್ಬೆರಳಿನ ಎಲುಬು ಸವೆದು ಚಪ್ಪಟೆಯಾಗಿತ್ತು. ಮಂಡಿಯೂರಿ ಕೂತು ಕಲ್ಲಿನ ಮೇಲೆ ಮೆಕ್ಕೆಜೋಳ ಅರೆದೇ ಅವಳ ಆಯುಷ್ಯ ಕಳೆದಿತ್ತಂತೆ. ಹಲ್ಲಿನ ಗೆರೆಗಳು ಚಿಕ್ಕಂದಿನ ಹಸಿವಿನವೋ ಕಾಯಿಲೆಯವೋ ಇರಬೇಕಂತೆ. ಇಷ್ಟಾದರೂ ಮುಂದಿನ ಹಲ್ಲಿಗೆ ಹಸಿರು ಕಲ್ಲು ಕೂರಿಸಿಕೊಂಡಿದ್ದಳು. ಆ ಠೀವಿ ನನಗೆ ಬಹಳ ಹಿಡಿಸಿತು.

ಪಕ್ಕೆಲುಬುಗಳನ್ನು ಜೋಡಿಸಿಟ್ಟು ಚಿತ್ರ ತೆಗೆದೆ. ರೋಗಿ ಅಲುಗಾಡಿದರೆ ಬರುತ್ತದಲ್ಲ, ಹಾಗೆ ಕದಡಿ ಬಂತು. ಟೇಬಲ್ಲು ಬಿಗಿಯಾಗಿದೆಯೇ ಎಂದು ನೋಡಿ ಮತ್ತೆ ತೆಗೆದೆ, ಹಾಗೆಯೇ ಬಂತು. ಮೂರನೆಯ ಸಲ, ಎಲ್ಲ ರೋಗಿಗಳಿಗೂ ಹೇಳುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು: "ಉಸಿರು ಹಿಡ್ಕೊಳ್ಳಿ ಅಕ್ಕ."

ಚಿತ್ರ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಹಾಳಾದ ಪ್ರತಿ ಚಿತ್ರಕ್ಕೂ ಕಾರಣ ಬರೆಯಬೇಕೆಂಬುದು ಅಲ್ಲಿನ ನಿಯಮ. 'ರೋಗಿ ಅಲುಗಾಡಿದರು' ಎಂದು ಬರೆದೆ. ಭಾನುವಾರ ಎಂಜಿನಿಯರ್ ಬಂದು ಮೆಷಿನ್ ನೋಡಿ ಏನೂ ದೋಷವಿಲ್ಲ ಎಂದ. ಮೇಲಧಿಕಾರಿ ನನ್ನನ್ನು ಕರೆಸಿದರು. ಅವರೂ ನನ್ನ ಹಾಗೆ ಮಂಗಳೂರಿನವರೇ.

"ಎಂತ ಮಾರಾಯ್ರೆ ಇದು? ಸತ್ತವರು ಅಲುಗಾಡ್ಲಿಕ್ಕುಂಟಾ? 'ನನ್ನ ತಪ್ಪು' ಅಂತ ಬರೀರಿ, ಖಲಾಸ್. ನಿಮ್ಮ ವೀಸಾ ರಿನ್ಯೂವಲ್ ಬೇರೆ ಬಾಕಿ ಉಂಟು."

"ತಪ್ಪು ಮಾಡಿದ್ರೆ ಬರೀತಿದ್ದೆ ಸರ್. ಮಾಡ್ಲಿಲ್ಲ."

ವೀಸಾ ಹೋದರೆ ಮಗಳ ಶಾಲೆಯೂ ಮನೆಯೂ ಹೋಗುತ್ತವೆಂದು ಗೊತ್ತಿತ್ತು. ಆದರೂ ಒಂದಕ್ಷರ ತಿದ್ದಲಿಲ್ಲ. ರಿನ್ಯೂವಲ್ ಆಗಲೇ ಇಲ್ಲ. ಮಗಳನ್ನು ಶಾಲೆ ಬಿಡಿಸಿ, ದುಬೈಯ ಅಲ್ ನಹ್ದಾದ ಸಣ್ಣ ಕ್ಲಿನಿಕ್ಕೊಂದಕ್ಕೆ ಕಡಿಮೆ ಸಂಬಳಕ್ಕೆ ಸೇರಿದೆ. ಗಂಡ ಕೂಡ ಹಟಮಾರಿ ಎಂದರು. ಅನ್ನಲಿ.

ಆ ಶುಕ್ರವಾರ ಅಲುಗಾಡಿದ್ದು ಯಾರೋ ಏನೋ, ಇಂದಿಗೂ ನನಗೆ ಬಗೆಹರಿದಿಲ್ಲ. ನಾನಂತೂ ಅಲ್ಲ.