ಹದಿನಾಲ್ಕನೇ ಪ್ರಶ್ನೆ

ಬಾಣಂತಿಯರ ಆರೈಕೆಗೆ ಜಾತಿ ಎಷ್ಟು ಅಡ್ಡ ಬರುತ್ತದೆ ಎನ್ನುವುದು ಮಧುರೆ ಹಳ್ಳಿಯ ಗೋಪಾಲಪ್ಪನವರ ಮಗಳು ನವ್ಯಶ್ರೀ ಪಿಎಚ್‌ಡಿಗೆ ಆರಿಸಿಕೊಂಡ ವಿಷಯ. ತನ್ನೂರಿನವರು ಮಾಡುವ ಭೇದವನ್ನು ಅಂಕಿಅಂಶದ ಸಮೇತ ಬಯಲಿಗೆಳೆಯಬೇಕೆಂಬ ಹುಮ್ಮಸ್ಸು ಅವಳಿಗೆ. ಅಪ್ಪನೊಂದಿಗೆ ಜಗಳವಾಡಿಕೊಂಡೇ ದಲಿತರ ಕಾಲೊನಿಗೆ ಹೋಗಿಬರುತ್ತಿದ್ದಳು.

ಅವತ್ತು ಪಿಳ್ಳಮ್ಮನ ಮನೆಗೆ ಅವಳದು ಮೂರನೇ ಭೇಟಿ. ಪಿಳ್ಳಮ್ಮನ ಸೊಸೆ ಹಸೀ ಬಾಣಂತಿ, ಒಳಗೆ ಮಲಗಿದ್ದಳು. ಜಗಲಿಯ ಮೇಲೆ ಹಾಸಿಕೊಟ್ಟ ಚಾಪೆಯಲ್ಲಿ ಕೂತು ನವ್ಯಶ್ರೀ ಹದಿನಾಲ್ಕನೇ ಪ್ರಶ್ನೆ ಕೇಳಿದಳು.

"ಊರೊಳಗಿಂದ ಯಾರಾದ್ರೂ ಮನೆಯೊಳಕ್ಕೆ ಬಂದು ಬಾಣಂತಿನ ನೋಡಿದ್ದಾರಾ?"

"ಇಲ್ಲಮ್ಮ. ಬಂದೋರೆಲ್ಲ ಇಲ್ಲೇ ಕೇಳ್ಕೊಂಡು ಹೋಗ್ತಾರೆ."

'ಇಲ್ಲ' ಎಂದು ಬರೆದುಕೊಳ್ಳುವಾಗ ನವ್ಯಶ್ರೀಗೆ ಸಿಟ್ಟು ನೆತ್ತಿಗೇರಿತು. "ಎಂಥಾ ಜನ! ಒಳಗೆ ಬಂದ್ರೆ ಏನಾಗುತ್ತಂತೆ ಅವರಿಗೆ?"

ಪಿಳ್ಳಮ್ಮನ ದನಿಯಲ್ಲಿ ಕೊಂಕಿರಲಿಲ್ಲ. "ನಮಗೇನ್ ಗೊತ್ತಮ್ಮ? ನೀವ್ಯಾಕೆ ಬರ್ಲಿಲ್ಲ, ಹೇಳಿ."

"ಬಾಣಂತಿಗೆ ಹೊರಗಿನ ಗಾಳಿ ಸೋಕಬಾರದು ಅಂತ..." ಎನ್ನುವಷ್ಟರಲ್ಲಿ ಅವಳಿಗೆ ತನ್ನ ಮನೆಯ ನೆನಪಾಯಿತು. ಹೋದ ವಾರವಷ್ಟೇ ಅತ್ತಿಗೆಯ ಬಾಣಂತಿ ಕೋಣೆಯಲ್ಲಿ ಮಂಚದ ಮೇಲೇ ಕೂತು ಮಗುವನ್ನು ಎತ್ತಿಕೊಂಡಿದ್ದಳು. ಇಲ್ಲಿ ಒಳಗೆ ಹೋಗಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಜ್ಜಿಯ ಕಾಲು ನಿಲ್ಲುತ್ತಿದ್ದಲ್ಲೇ ಅವಳ ಕಾಲೂ ತಾನಾಗಿ ನಿಂತುಬಿಟ್ಟಿತ್ತು.

ಮುಖ ಎತ್ತಲಾಗದೆ ತೊಡೆಯ ಮೇಲಿದ್ದ ಹಾಳೆಗಳನ್ನು ನೋಡಿದಳು. ಇಪ್ಪತ್ತೊಂದು ಮನೆ, ಇಪ್ಪತ್ತೊಂದು 'ಇಲ್ಲ'. ಅಷ್ಟನ್ನೂ ಅವಳು ಜಗಲಿಯಲ್ಲಿ ಕೂತೇ ಬರೆದಿದ್ದಳು.